ವಿನೋದೋದ್ಯಾನವನ್ನು ಕಟ್ಟುವ ಕಾಲಗಣಿತ

ಹಬ್ಬದ ದಿನ ಒಬ್ಬಟ್ಟು ಮಾಡುವ ಮನೆಯನ್ನು ನಾವೆಲ್ಲರೂ ಕಂಡಿದ್ದೇವೆ. ಬೇಳೆಯನ್ನು ಬೇಯಿಸಿ, ಬಸಿದು, ಬೆಲ್ಲ ಕೂಡಿಸಿ ಹೂರಣವನ್ನು ರುಬ್ಬಬೇಕು. ಇತ್ತ ಕಣಕವನ್ನು ಕಲಸಿ, ಎಣ್ಣೆಯಲ್ಲಿ ನೆನೆಯಲು ಬಿಡಬೇಕು. ಇವೆರಡೂ ಸಿದ್ಧವಾದ ಮೇಲಲ್ಲದೆ ತಟ್ಟುವ ಕೆಲಸ ಮೊದಲಾಗದು. ಕಣಕ ನೆನೆಯಲು ಎರಡು ಗಂಟೆ ಬೇಕೆಂದೂ ಹೂರಣ ಒಂದೂವರೆ ಗಂಟೆಯಲ್ಲಿ ಮುಗಿಯುವುದೆಂದೂ ಇಟ್ಟುಕೊಳ್ಳೋಣ. ಆಗ ರುಬ್ಬುವವರನ್ನು ಎಷ್ಟು ಅವಸರಪಡಿಸಿದರೂ ಊಟದ ಹೊತ್ತು ಒಂದು ನಿಮಿಷವೂ ಮುಂಚಿತವಾಗಿ ಬಾರದು. ಬೆಳಗ್ಗೆ ಎದ್ದೊಡನೆ ಮೊದಲು ಕಣಕಕ್ಕೆ ಕೈ ಹಾಕಬೇಕೆಂಬುದನ್ನು ಅನುಭವಸ್ಥರಾದ ಗೃಹಿಣಿಯರು ಕಾಗದ ಲೇಖನಿಗಳ ನೆರವಿಲ್ಲದೆಯೇ ಬಲ್ಲರು.

ಕೆಲಸಗಳು ನಾಲ್ಕೈದಾದರೆ ಈ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಿಬಿಡಬಹುದು. ಅವು ಸಾವಿರಗಟ್ಟಲೆಯಾದರೆ? ಒಂದಕ್ಕೊಂದು ಹೆಣೆದುಕೊಂಡ ಸಾವಿರಾರು ಕೆಲಸಗಳಲ್ಲಿ ಯಾವುದನ್ನು ಅವಸರಪಡಿಸಬೇಕು, ಯಾವುದನ್ನು ಅದರ ಪಾಡಿಗೆ ಬಿಡಬಹುದು ಎಂಬುದನ್ನು ತಿಳಿಸುವ ಗಣಿತವೊಂದಿದೆ. ಇಂದಿನ ಯೋಜನಾ ತಂತ್ರಾಂಶಗಳೆಲ್ಲಕ್ಕೂ ಅದೇ ತಳಹದಿ. ಅದನ್ನು ತಿಳಿಯಲು ನಾವು ವಿನೋದೋದ್ಯಾನದ ನಿರ್ಮಾಣವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ಥೀಮ್ ಪಾರ್ಕ್ ಎಂದು ಹೆಸರಾದ ಈ ಉದ್ಯಾನಗಳನ್ನು ಕಟ್ಟುವುದು ಮಕ್ಕಳಾಟವಲ್ಲ. ಅಲ್ಲಿ ಕಾಂಕ್ರೀಟು ಹಾಕುವವರು, ಉಕ್ಕು ಜೋಡಿಸುವವರು, ವಿದ್ಯುತ್ ಕೆಲಸದವರು, ಶಿಲ್ಪಿಗಳು, ಬಣ್ಣಗಾರರು, ತೋಟಗಾರರು ಎಲ್ಲರೂ ಒಂದೇ ಆವರಣದಲ್ಲಿ ದುಡಿಯಬೇಕು. ಒಂದು ಯಂತ್ರದಂತೆ ಇನ್ನೊಂದಿರುವುದಿಲ್ಲ. ಮೇಲಾಗಿ ಬಾಗಿಲು ತೆರೆಯುವ ದಿನವನ್ನು ಬಹಳ ಮೊದಲೇ ಲೋಕಕ್ಕೆ ಸಾರಿರುತ್ತಾರೆ.

ಲೆಕ್ಕವಿಲ್ಲದ ಕಾಲದ ಒಂದು ಸಾಹಸ

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಅನಹೈಮ್ ಊರಿನಲ್ಲಿ ವಾಲ್ಟ್ ಡಿಸ್ನಿ ತನ್ನ ಡಿಸ್ನಿಲ್ಯಾಂಡನ್ನು ಕಟ್ಟಿಸಿದುದು ಈ ಗಣಿತವು ಹುಟ್ಟುವುದಕ್ಕೆ ಸ್ವಲ್ಪ ಮೊದಲು. ಕಿತ್ತಳೆ ತೋಪುಗಳಿದ್ದ 160 ಎಕರೆ ನೆಲದಲ್ಲಿ 1954ರ ಜುಲೈ ತಿಂಗಳಲ್ಲಿ ಕೆಲಸ ಮೊದಲಾಯಿತು. ನೌಕಾಪಡೆಯಿಂದ ನಿವೃತ್ತನಾದ ಜೋ ಫೌಲರ್ ಎಂಬ ಅಡ್ಮಿರಲ್ ಮೇಲ್ವಿಚಾರಣೆ ನಡೆಸಿದನು. ಸುಮಾರು 1 ಕೋಟಿ 70 ಲಕ್ಷ ಡಾಲರುಗಳು ವೆಚ್ಚವಾದವು. 1955ರ ಜುಲೈ 17ರಂದು ಉದ್ಘಾಟನೆಯನ್ನು ದೇಶಕ್ಕೆಲ್ಲ ದೂರದರ್ಶನದಲ್ಲಿ ತೋರಿಸುವ ಏರ್ಪಾಡಾಗಿದ್ದುದರಿಂದ ದಿನವನ್ನು ಮುಂದೂಡುವ ಮಾತೇ ಇರಲಿಲ್ಲ.

ಆ ಒಂದು ವರ್ಷದಲ್ಲಿ ನಡೆದ ಕೆಲಸ ಅಚ್ಚರಿಯದೇ ಸರಿ. ಉದ್ಯಾನದ ನದಿಯಲ್ಲಿ ತೇಲಬೇಕಾಗಿದ್ದ ‘ಮಾರ್ಕ್ ಟ್ವೇನ್’ ಎಂಬ ಹಡಗಿನ ಒಡಲು ಹಡಗುಕಟ್ಟೆಯೊಂದರಲ್ಲಿ ಸಿದ್ಧವಾಯಿತು. ಮೇಲಿನ ಅಂತಸ್ತುಗಳು ಬರ್ಬ್ಯಾಂಕಿನ ಚಲನಚಿತ್ರಶಾಲೆಯಲ್ಲಿ ತಯಾರಾದವು. ಎರಡನ್ನೂ ಉದ್ಯಾನಕ್ಕೆ ತಂದು ಜೋಡಿಸಿದರು. ಆದರೆ ನದಿಗೆಂದು ತೋಡಿದ ಪಾತ್ರಕ್ಕೆ ಮೊದಲ ಸಲ ನೀರು ಬಿಟ್ಟಾಗ, ಆ ಸಡಿಲ ನೆಲ ನೀರನ್ನು ಹೀರಿಬಿಟ್ಟಿತು. ತಳಕ್ಕೆಲ್ಲ ಜೇಡಿಮಣ್ಣನ್ನು ಹಾಸಿ ಮತ್ತೆ ನೀರು ತುಂಬಬೇಕಾಯಿತು. ಕೊನೆಯ ದಿನಗಳಲ್ಲಿ ಕೊಳಾಯಿ ಕೆಲಸದವರ ಮುಷ್ಕರದಿಂದ ಹೊತ್ತು ಸಾಲದಾಗಿ, ಕುಡಿಯುವ ನೀರಿನ ಚಿಲುಮೆಗಳನ್ನೋ ಶೌಚಾಲಯಗಳನ್ನೋ ಯಾವುದಾದರೊಂದನ್ನು ಮಾತ್ರ ಮುಗಿಸಬಹುದೆಂಬ ಸ್ಥಿತಿಯೊದಗಿತು. ಡಿಸ್ನಿ ಶೌಚಾಲಯಗಳನ್ನು ಆರಿಸಿಕೊಂಡನು. ಉದ್ಘಾಟನೆಯ ದಿನದ ಬಿಸಿಲಿಗೆ ಹೊಸದಾಗಿ ಹಾಕಿದ್ದ ಡಾಂಬರು ಮೆತ್ತಗಾಗಿ, ಹೆಂಗಸರ ಎತ್ತರದ ಹಿಮ್ಮಡಿಯ ಪಾದರಕ್ಷೆಗಳು ಅದರಲ್ಲಿ ಹೂತುಹೋದವು.

ಈ ಸಂಗತಿಗಳನ್ನು ನಾವು ಹೇಳುತ್ತಿರುವುದು ನಗುವುದಕ್ಕಾಗಿ ಅಲ್ಲ. ಮೊದಲ ತಿಂಗಳುಗಳಲ್ಲಿ ಕಳೆದುಹೋದ ದಿನಗಳ ಭಾರವೆಲ್ಲ ಸರಪಣಿಯ ಕಟ್ಟಕಡೆಯ ಕೊಂಡಿಯ ಮೇಲೆ ಬೀಳುತ್ತದೆ. ನೆಲಕ್ಕೆ ಡಾಂಬರು ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸಗಳಲ್ಲಿ ಒಂದು. ಆದುದರಿಂದಲೇ ಅದಕ್ಕೆ ಒಣಗುವಷ್ಟು ಕಾಲವೂ ಉಳಿಯಲಿಲ್ಲ.

ನಿರ್ಣಾಯಕ ಪಥ

ಡಿಸ್ನಿಲ್ಯಾಂಡು ತೆರೆದ ಎರಡು ವರ್ಷಗಳೊಳಗಾಗಿ, ರಾಸಾಯನಿಕ ಕಾರ್ಖಾನೆಗಳನ್ನು ಕಟ್ಟುತ್ತಿದ್ದ ಡ್ಯುಪಾಂಟ್ ಸಂಸ್ಥೆಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಸಂಸ್ಥೆಯ ಜೇಮ್ಸ್ ಕೆಲ್ಲಿ ಎಂಬಿಬ್ಬರು ಇಂತಹ ಕೆಲಸಗಳ ಕಾಲವನ್ನು ಯೂನಿವ್ಯಾಕ್ ಗಣಕಯಂತ್ರದಿಂದ ಲೆಕ್ಕಹಾಕಿಸುವ ಕ್ರಮವನ್ನು ರೂಪಿಸಿದರು. ಅದಕ್ಕೆ ‘ನಿರ್ಣಾಯಕ ಪಥ’ದ ವಿಧಾನವೆಂದು ಹೆಸರು. 1958ರಲ್ಲಿ ಅಮೆರಿಕದ ನೌಕಾಪಡೆಯು ಪೊಲಾರಿಸ್ ಕ್ಷಿಪಣಿಯ ಯೋಜನೆಗಾಗಿ ‘ಪರ್ಟ್’ ಎಂಬ ಸೋದರ ವಿಧಾನವನ್ನು ಬೆಳೆಸಿತು. ಇವಕ್ಕೆ ಮುಂಚೆ ಹೆನ್ರಿ ಗ್ಯಾಂಟ್ ಎಂಬಾತನು ಬಳಕೆಗೆ ತಂದ ಪಟ್ಟಿಗಳಿದ್ದವು. ಪ್ರತಿಯೊಂದು ಕೆಲಸಕ್ಕೂ ಒಂದೊಂದು ಅಡ್ಡಗೆರೆ ಎಳೆದ ಆ ಪಟ್ಟಿಯಲ್ಲಿ ಯಾವುದು ಎಂದು ನಡೆಯುತ್ತದೆಂಬುದು ಕಾಣುತ್ತಿತ್ತು. ಯಾವುದು ಯಾವುದಕ್ಕಾಗಿ ಕಾಯುತ್ತಿದೆಯೆಂಬುದು ಕಾಣುತ್ತಿರಲಿಲ್ಲ. ಹೊಸ ವಿಧಾನದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ಕಾಗದ ಲೇಖನಿಗಳನ್ನು ತೆಗೆದುಕೊಂಡು ಒಂದು ಲೆಕ್ಕವನ್ನು ನಾವೇ ಮಾಡಿ ನೋಡೋಣ. ಕೃತಕ ಬೆಟ್ಟವೊಂದರ ಸುತ್ತ ಏರಿಳಿದು ಓಡುವ ಆಟದ ರೈಲನ್ನು, ಅಂದರೆ ರೋಲರ್ ಕೋಸ್ಟರನ್ನು, ಕಟ್ಟಬೇಕಾಗಿದೆ. ಲೆಕ್ಕದ ಅನುಕೂಲಕ್ಕಾಗಿ ನಾವು ಕಲ್ಪಿಸಿಕೊಂಡ ಕೆಲಸಗಳೂ ಅವಧಿಗಳೂ ಹೀಗಿವೆ:

ನೆಲ ಅಗೆಯುವುದು – 4 ವಾರ.
ಅಡಿಪಾಯ ಹಾಕುವುದು – 6 ವಾರ, ಅಗೆತದ ಬಳಿಕ.
ಉಕ್ಕಿನ ಹಳಿಗಳನ್ನು ಕಾರ್ಖಾನೆಯಲ್ಲಿ ತಯಾರಿಸುವುದು – 14 ವಾರ, ಮೊದಲ ದಿನದಿಂದಲೇ.
ರೈಲಿನ ಗಾಡಿಗಳನ್ನು ತಯಾರಿಸುವುದು – 16 ವಾರ, ಮೊದಲ ದಿನದಿಂದಲೇ.
ಹಳಿಗಳನ್ನು ನಿಲ್ಲಿಸುವುದು – 5 ವಾರ. ಅಡಿಪಾಯವೂ ಹಳಿಗಳೂ ಸಿದ್ಧವಾದ ಬಳಿಕ.
ಕೃತಕ ಬಂಡೆಗಳನ್ನು ರೂಪಿಸುವುದು – 8 ವಾರ. ಹಳಿ ನಿಂತ ಬಳಿಕ.
ವಿದ್ಯುತ್ ತಂತಿ ಮತ್ತು ನಿಯಂತ್ರಣ – 4 ವಾರ. ಹಳಿ ನಿಂತ ಬಳಿಕ.
ಪರೀಕ್ಷೆಯ ಓಟಗಳು – 6 ವಾರ. ನಿಯಂತ್ರಣವೂ ಗಾಡಿಗಳೂ ಸಿದ್ಧವಾದ ಬಳಿಕ.
ಗಿಡ ನೆಡುವುದು, ನೆಲಗಟ್ಟು ಹಾಕುವುದು – 3 ವಾರ, ಬಂಡೆಗಳ ಬಳಿಕ.

ಮೊದಲು ಮುಂದುಮುಂದಕ್ಕೆ ಲೆಕ್ಕ ಹಾಕಬೇಕು. ಅಗೆತವೂ ಅಡಿಪಾಯವೂ ಕೂಡಿ 10ನೆಯ ವಾರಕ್ಕೆ ಮುಗಿಯುತ್ತವೆ. ಆದರೆ ಹಳಿಗಳು ಬರುವುದು 14ನೆಯ ವಾರದ ಕೊನೆಗೆ. ಎರಡು ದಾರಿಗಳು ಕೂಡುವಲ್ಲಿ ತಡವಾದುದನ್ನೇ ಹಿಡಿಯಬೇಕೆಂಬುದು ನಿಯಮ. ಆದುದರಿಂದ ಹಳಿ ನಿಲ್ಲುವುದು 19ಕ್ಕೆ, ಬಂಡೆಗಳು ಮುಗಿಯುವುದು 27ಕ್ಕೆ, ಗಿಡ ನೆಲಗಟ್ಟುಗಳು 30ಕ್ಕೆ. ಇನ್ನೊಂದು ದಾರಿಯಲ್ಲಿ ನಿಯಂತ್ರಣ 23ಕ್ಕೆ, ಪರೀಕ್ಷೆ 29ಕ್ಕೆ ಮುಗಿಯುತ್ತವೆ. ಒಟ್ಟಿನಲ್ಲಿ 30 ವಾರ.

ಈಗ ಕೊನೆಯಿಂದ ಹಿಂದಕ್ಕೆ ಬರಬೇಕು. 30ನೆಯ ವಾರ ತಪ್ಪದಂತೆ ಪ್ರತಿಯೊಂದು ಕೆಲಸವನ್ನೂ ಎಷ್ಟು ತಡವಾಗಿ ಮೊದಲುಮಾಡಬಹುದು? ಪರೀಕ್ಷೆಯು 24ನೆಯ ವಾರ ಕಳೆದ ಮೇಲೆ ಮೊದಲಾದರೂ ಸಾಕು. ಅದಕ್ಕೆ 1 ವಾರದ ಬಿಡುವುಂಟು. ಗಾಡಿಗಳಿಗೆ 8 ವಾರಗಳ, ಅಗೆತ ಅಡಿಪಾಯಗಳಿಗೆ ಒಟ್ಟು 4 ವಾರಗಳ ಬಿಡುವುಂಟು. ಹಳಿ ತಯಾರಿಕೆ, ಹಳಿ ನಿಲ್ಲಿಸುವುದು, ಬಂಡೆ, ನೆಲಗಟ್ಟು ಈ ನಾಲ್ಕಕ್ಕೆ ಮಾತ್ರ ಬಿಡುವು ಸೊನ್ನೆ. ಇವು ಕೂಡಿದ ದಾರಿಯೇ ನಿರ್ಣಾಯಕ ಪಥ. ಇದರಲ್ಲಿ ಒಂದು ದಿನ ತಡವಾದರೆ ಉದ್ಘಾಟನೆಯೂ ಒಂದು ದಿನ ತಡವಾಗುತ್ತದೆ.

ಕಟ್ಟಡದ ಬಯಲಿಗೆ ಹೋಗಿ ನಿಂತವರ ಕಣ್ಣಿಗೆ ಬೀಳುವುದು ಅಗೆತ. ಅಲ್ಲಿ ಕೆಲಸ ನಿಧಾನವಾದಂತೆ ಕಂಡರೆ ಇನ್ನಷ್ಟು ಆಳುಗಳನ್ನು ತನ್ನಿರೆಂದು ಕೂಗುವುದು ಸಹಜ. ಆದರೆ ಅದಕ್ಕೆ ಸುರಿದ ಹಣದಿಂದ ಒಂದು ದಿನವೂ ಉಳಿಯದು. ತಡ ಆಗುತ್ತಿರುವುದು ಕಣ್ಣಿಗೆ ಕಾಣದ ದೂರದ ಕಾರ್ಖಾನೆಯಲ್ಲಿ. ಹಾಗೆಂದು ನಿರ್ಣಾಯಕ ಪಥದಲ್ಲಿ ಉಳಿಸಿದ್ದೆಲ್ಲವೂ ಲಾಭವೆಂದೂ ತಿಳಿಯಬಾರದು. ಬಂಡೆಗಳ ಕೆಲಸವನ್ನು 8 ವಾರಗಳಿಂದ 6ಕ್ಕೆ ಇಳಿಸಿದರೆ ಆ ದಾರಿ 28 ವಾರಗಳಲ್ಲಿ ಮುಗಿಯುತ್ತದೆ. ಆದರೆ ಪರೀಕ್ಷೆಯ ದಾರಿಗೆ 29 ವಾರ ಬೇಕೇ ಬೇಕು. ಎರಡು ವಾರಗಳ ಬೆಲೆ ತೆತ್ತು ಒಂದೇ ವಾರವನ್ನು ಕೊಂಡಂತಾಯಿತು; ನಿರ್ಣಾಯಕ ಪಥವು ಬೇರೆ ದಾರಿಗೆ ಜಾರಿಹೋಯಿತು.

ತಂತ್ರಾಂಶವು ಮಾಡುವುದೇನು?

ಒಂಬತ್ತು ಕೆಲಸಗಳಿಗೆ ನಮಗೆ ಕಾಗದದ ಒಂದು ಹಾಳೆ ಸಾಕಾಯಿತು. ಸಾವಿರಾರು ಕೆಲಸಗಳಿದ್ದರೆ, ಒಂದರ ಅವಧಿ ಬದಲಾದಾಗಲೆಲ್ಲ ಹೀಗೆ ಮುಂದಕ್ಕೂ ಹಿಂದಕ್ಕೂ ಎಣಿಸುತ್ತ ಕೂಡುವುದು ಮನುಷ್ಯನಿಗೆ ಆಗದ ಮಾತು. ಗಣಕವು ಅದನ್ನು ಕ್ಷಣಮಾತ್ರದಲ್ಲಿ ಮಾಡಿ ತೋರಿಸುತ್ತದೆ. ಇಂದು ದೊಡ್ಡ ನಿರ್ಮಾಣಗಳಲ್ಲಿ ಬಳಕೆಯಲ್ಲಿರುವ ಪ್ರೈಮವೆರಾದಂತಹ ತಂತ್ರಾಂಶಗಳ ಒಳಗೆ ನಡೆಯುವುದು ನಾವು ಈಗ ಮಾಡಿದ ಲೆಕ್ಕವೇ. ಅದರ ಜೊತೆಗೆ ಅವು ಇನ್ನೂ ಕೆಲವನ್ನು ಗಮನಿಸುತ್ತವೆ. ಭಾನುವಾರ ಆಳುಗಳಿಗೆ ರಜೆ. ಆದರೆ ಕಾಂಕ್ರೀಟು ಭಾನುವಾರವೂ ಗಟ್ಟಿಯಾಗುತ್ತಲೇ ಇರುತ್ತದೆ. ಆದುದರಿಂದ ಎರಡಕ್ಕೂ ಬೇರೆ ಬೇರೆ ಪಂಚಾಂಗಗಳು ಬೇಕು. ಭಾರ ಎತ್ತುವ ಕ್ರೇನ್ ಒಂದೇ ಇದ್ದು, ಅದು ಎರಡು ಕಡೆ ಒಂದೇ ವಾರ ಬೇಕಾದರೆ, ಬಿಡುವು ಹೆಚ್ಚಾಗಿರುವ ಕೆಲಸವನ್ನು ಕಾಯಿಸಬಹುದೆಂದು ತೋರಿಸುತ್ತವೆ.

ಆದರೆ ಗಣಕಕ್ಕೆ ನಾವು ಹೇಳದೆ ಬಿಟ್ಟುದು ಎಂದಿಗೂ ತಿಳಿಯದು. ನಮ್ಮ ಲೆಕ್ಕವನ್ನೇ ಮತ್ತೊಮ್ಮೆ ನೋಡಿರಿ. ಅದರಲ್ಲಿ ಒಂದು ದೊಡ್ಡ ತಪ್ಪು ಅಡಗಿದೆ. ವಾಚಕರಲ್ಲಿ ಕೆಲವರು ಈಗಾಗಲೇ ಅದನ್ನು ಕಂಡಿರಬಹುದು. ಬಂಡೆಗಳ ಕೆಲಸ 19ರಿಂದ 27ರವರೆಗೆ. ಪರೀಕ್ಷೆಯ ಓಟ 23ರಿಂದ 29ರವರೆಗೆ. ಅಂದರೆ ನಾಲ್ಕು ವಾರಗಳ ಕಾಲ ಹಳಿಯ ಪಕ್ಕದ ಅಟ್ಟಣೆಗಳ ಮೇಲೆ ಶಿಲ್ಪಿಗಳು ನಿಂತಿರುವಾಗಲೇ ಅದೇ ಹಳಿಯ ಮೇಲೆ ಗಾಡಿಗಳು ವೇಗವಾಗಿ ಹಾಯುತ್ತಿರುತ್ತವೆ! ಕಾಗದದ ಮೇಲೆ ಲೆಕ್ಕ ಸರಿಯಾಗಿದೆ. ಬಯಲಿನಲ್ಲಿ ಅದು ಪ್ರಾಣಾಪಾಯ. ಬಂಡೆಗಳು ಮುಗಿದ ಮೇಲೆಯೇ ಪರೀಕ್ಷೆಯೆಂದು ಒಂದು ಬಾಣದ ಗುರುತನ್ನು ಸೇರಿಸಿದರೆ ಪರೀಕ್ಷೆ ಮುಗಿಯುವುದು 33ನೆಯ ವಾರಕ್ಕೆ. ಒಂದೇ ಒಂದು ಬಾಣವನ್ನು ಮರೆತುದರಿಂದ ಮೂರು ವಾರಗಳ ತಪ್ಪು!

ಇದಕ್ಕೆ ಪರಿಹಾರವಿಲ್ಲದಿಲ್ಲ. ಬಂಡೆಯ ಕೆಲಸವನ್ನು ಎರಡು ಪಾಲು ಮಾಡಿ, ಹಳಿಗೆ ಹತ್ತಿರದ ಪಾಲನ್ನು ಮೊದಲ 4 ವಾರಗಳಲ್ಲಿ ಮುಗಿಸಿ ಅಟ್ಟಣೆಗಳನ್ನು ತೆಗೆದುಬಿಟ್ಟರೆ, 23ನೆಯ ವಾರ ಕಳೆದೊಡನೆ ಪರೀಕ್ಷೆ ಮೊದಲಾಗಬಹುದು. ದೂರದ ಪಾಲು ಅದರ ಪಾಡಿಗೆ 27ರವರೆಗೆ ನಡೆಯಬಹುದು. ಒಟ್ಟು ಅವಧಿ ಮತ್ತೆ 30 ವಾರಗಳಿಗೆ ಇಳಿಯುತ್ತದೆ. ಆಳುಗಳನ್ನು ಹೆಚ್ಚಿಸಲಿಲ್ಲ, ಕೆಲಸದ ಕ್ರಮವನ್ನು ಮಾತ್ರ ಬದಲಿಸಿದೆವು. ಆದರೆ ಹೀಗೆ ಪಾಲು ಮಾಡಬಹುದೆಂಬುದನ್ನು ಹೇಳಬಲ್ಲವನು ಅಟ್ಟಣೆ ಕಟ್ಟುವ ಮೇಸ್ತ್ರಿಯೇ ಹೊರತು ಯಂತ್ರವಲ್ಲ.

ಕಾಲವನ್ನು ಕೂಡಿಸಿದ ಚಿತ್ರ

ಒಂದೇ ಜಾಗದಲ್ಲಿ ಒಂದೇ ಕಾಲಕ್ಕೆ ಎರಡು ಕೆಲಸಗಳು ಡಿಕ್ಕಿ ಹೊಡೆಯುವ ಈ ದೋಷ ಕಾಲಪಟ್ಟಿಯಲ್ಲಿ ಸುಲಭವಾಗಿ ಕಾಣಿಸದು. ಅದನ್ನು ಕಾಣಿಸುವ ಉಪಾಯವೊಂದು ಇಪ್ಪತ್ತನೆಯ ಶತಮಾನದ ಕೊನೆಗೆ ಬಳಕೆಗೆ ಬಂದಿತು. ಕಟ್ಟಡದ ಉದ್ದ, ಅಗಲ, ಎತ್ತರಗಳುಳ್ಳ ಚಿತ್ರವನ್ನು ಗಣಕದಲ್ಲಿ ರಚಿಸಿ, ಅದರ ಒಂದೊಂದು ಭಾಗವನ್ನೂ ಕಾಲಪಟ್ಟಿಯ ಒಂದೊಂದು ಕೆಲಸಕ್ಕೆ ಗಂಟುಹಾಕುತ್ತಾರೆ. ಆಗ ಕಟ್ಟಡವು ವಾರವಾರವೂ ಬೆಳೆಯುವುದನ್ನು ಚಲನಚಿತ್ರದಂತೆ ನೋಡಬಹುದು. ಕಾಲವೇ ನಾಲ್ಕನೆಯ ಆಯಾಮವಾದುದರಿಂದ ಇದಕ್ಕೆ ಚತುರಾಯಾಮ ಮಾದರಿಯೆಂದು ಹೆಸರು. ಡಿಸ್ನಿ ಸಂಸ್ಥೆಯ ವಿನ್ಯಾಸಕಾರರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರೊಡನೆ ಕೂಡಿ ಇಂತಹ ಮಾದರಿಯನ್ನು ಪ್ಯಾರಡೈಸ್ ಪಿಯರ್ ಎಂಬ ಭಾಗದ ನಿರ್ಮಾಣಕ್ಕೆ ಬಳಸಿದರು. ಆ ಭಾಗವನ್ನೊಳಗೊಂಡ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಉದ್ಯಾನವು 2001ರ ಫೆಬ್ರುವರಿ 8ರಂದು ತೆರೆಯಿತು. ಅದು ಎದ್ದು ನಿಂತಿರುವುದು 1955ರ ಡಿಸ್ನಿಲ್ಯಾಂಡಿನ ಹೆಬ್ಬಾಗಿಲಿನ ಎದುರಿಗಿದ್ದ ಕಾರು ನಿಲ್ಲಿಸುವ ಬಯಲಿನಲ್ಲಿ. ಡಾಂಬರಿನಲ್ಲಿ ಪಾದರಕ್ಷೆಗಳು ಹೂತ ಜಾಗಕ್ಕೂ ಈ ಹೊಸ ಮಾದರಿಯನ್ನು ಬಳಸಿದ ಜಾಗಕ್ಕೂ ಇರುವ ದೂರ ಕೆಲವು ನಿಮಿಷಗಳ ನಡಿಗೆ.

ಕೊನೆಗೆ ಒಂದು ಮಾತು. ನಮ್ಮ ಲೆಕ್ಕದಲ್ಲಿ ಪರೀಕ್ಷೆಯ ಓಟವೂ ದಾರಿಯ ಕೊನೆಯಲ್ಲಿಯೇ ಇದೆ. ಹಳಿ ಎರಡು ವಾರ ತಡವಾಗಿ ಬಂದಿತೆಂದೂ ಉದ್ಘಾಟನೆಯ ದಿನವನ್ನು ಬದಲಿಸಲಾಗದೆಂದೂ ಇಟ್ಟುಕೊಳ್ಳಿರಿ. ಪರೀಕ್ಷೆಯ 6 ವಾರಗಳನ್ನು 5ಕ್ಕೆ ಇಳಿಸಿದರೆ ಆಗದೇ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಡಾಂಬರು ಒಣಗದಿದ್ದರೆ ಪಾದರಕ್ಷೆ ಕೆಡುತ್ತದೆ. ಗಾಡಿಯ ತಡೆಗಳನ್ನು ಪರೀಕ್ಷಿಸದಿದ್ದರೆ ಕೆಡುವುದು ಮಕ್ಕಳ ಪ್ರಾಣ. ತಡವನ್ನು ಕೊನೆಯ ವಾರದಲ್ಲಲ್ಲ, ಅದು ಹುಟ್ಟಿದ ವಾರದಲ್ಲಿಯೇ ನಮ್ಮ ಕಣ್ಣಿಗೆ ತೋರಿಸಿಕೊಡುವುದು ಈ ಗಣಿತದ ಮುಖ್ಯ ಪ್ರಯೋಜನ. ಹೀಗೆ ತೋರಿಸಿಕೊಟ್ಟುದರಿಂದ, ಕಡಿತಗೊಳಿಸಬಾರದ ಕೆಲಸವನ್ನು ಕಡಿತಗೊಳಿಸದೆ ಬೇರೆ ದಾರಿ ಹುಡುಕಲು ನಮಗೆ ಇನ್ನೂ ಹೊತ್ತು ಉಳಿದಿರುತ್ತದೆ.