ಎರಡು ಭಾಷೆಯ ಮನೆಯಲ್ಲಿ ತಡವಾಗುವ ಮಾತು

ಕಿವಿ ಸರಿಯಾಗಿ ಕೇಳುತ್ತದೆ, ಆಟದಲ್ಲಿ ಚುರುಕು, ಹೇಳಿದ ಕೆಲಸ ಮಾಡುತ್ತದೆ. ಆದರೂ ಕೆಲವು ಮಕ್ಕಳಿಗೆ ಭಾಷೆ ಮಾತ್ರ ವಯಸ್ಸಿಗೆ ತಕ್ಕಂತೆ ಒಲಿಯುವುದಿಲ್ಲ. ಭಾಷಾ ಬೆಳವಣಿಗೆಯ ಈ ದೋಷವನ್ನು ತಜ್ಞರು ಡಿಎಲ್‌ಡಿ ಎನ್ನುತ್ತಾರೆ. ಇಂಗ್ಲೆಂಡ್, ಅಮೆರಿಕದ ಸಮೀಕ್ಷೆಗಳಲ್ಲಿ ಶಾಲೆ ಸೇರುವ ವಯಸ್ಸಿನ ಮಕ್ಕಳ ಪೈಕಿ ಸುಮಾರು ಶೇ 7ರಷ್ಟು ಮಂದಿಯಲ್ಲಿ ಇದು ಕಂಡುಬಂದಿದೆ. ಎರಡು ವರ್ಷ ತುಂಬಿದರೂ ಐವತ್ತು ಪದ ಬಾರದಿದ್ದರೆ, ಎರಡು ಪದ ಜೋಡಿಸಿ ಆಡದಿದ್ದರೆ ಪರೀಕ್ಷೆ ಮಾಡಿಸಬೇಕು. ಮೊದಲು ನೋಡಬೇಕಾದದ್ದು ಶ್ರವಣ.

ಕನ್ನಡಕ್ಕೆ ತನ್ನದೇ ಅಳತೆಗೋಲುಗಳಿವೆ. ಪ್ರತಿಭಾ ಕಾರಂತ 1980ರಲ್ಲಿ ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ವಿಭಕ್ತಿ, ಬಹುವಚನ, ಕಾಲ, ಲಿಂಗ-ವಚನ ಪ್ರತ್ಯಯಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಕನ್ನಡ ಮಕ್ಕಳ ಭಾಷೆಯ ಮೇಲೆ ದಶಕಗಳ ಅಧ್ಯಯನ ನಡೆದಿದೆ.

ಇಷ್ಟಿದ್ದೂ ದೊಡ್ಡಬಳ್ಳಾಪುರದ ನೇಕಾರರ ಕೇರಿಯಲ್ಲಿ ಮಾತು ತಡವಾದ ಮಗುವಿಗೆ ಮೊದಲು ಸಿಗುವುದು ತೇಯ್ದ ಬಜೆ. ‘ಗಂಡುಮಕ್ಕಳಿಗೆ ಮಾತು ತಡ, ಅವರ ತಾತನೂ ಹಾಗೇ’ ಎಂಬ ಸಮಾಧಾನದಲ್ಲಿ ವರ್ಷಗಳು ಸರಿಯುತ್ತವೆ. ಈ ಲೇಖಕಿಯ ಮನೆಯಲ್ಲಿಯೂ ಅದೇ ಆಯಿತು. ಮಾವನವರು ಆ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಎಲ್‌ಕೆಜಿ ಸೇರಿಸಲು ಹೋದಾಗ ಮುಖ್ಯೋಪಾಧ್ಯಾಯಿನಿ ಮೇಜಿನ ಮೇಲೆ ಚಿತ್ರದ ಪುಸ್ತಕ ತೆರೆದು ‘ವಾಟ್ ಈಸ್ ದಿಸ್’ ಎಂದರು. ಮಗ ಮಾವಿನ ಹಣ್ಣಿನ ಮೇಲೆ ಬೆರಳಿಟ್ಟ, ನಾಲಿಗೆ ಚಪ್ಪರಿಸಿದ, ತಾಯಿಯ ಮುಖ ನೋಡಿದ. ಹೆಸರು ಬಾಯಿಗೆ ಬರಲಿಲ್ಲ. ಹಿಂದೆ ಸಾಲಿನಲ್ಲಿದ್ದ ಮಗುವೊಂದು ‘ಮ್ಯಾಂಗೋ’ ಎಂದು ಕೂಗಿತು. ‘ಎರಡು ಭಾಷೆ ಬೆರೆಸಿ ಮಗೂನ ಕನ್‌ಫ್ಯೂಸ್ ಮಾಡಿದ್ದೀರಿ. ತೆಲುಗು ನಿಲ್ಲಿಸಿ, ಇಂಗ್ಲಿಷ್ ಮಾತಾಡಿ, ಆಮೇಲೆ ಸೀಟು ನೋಡೋಣ’ ಎಂದು ಆಕೆ ಎಲ್ಲರೆದುರು ಹೇಳಿದರು. ಮಾವನವರು ಅದನ್ನೇ ಮನೆಯ ಕಟ್ಟಳೆ ಮಾಡಿದರು. ತೆಲುಗು ಬಿಟ್ಟು ಬೇರೆ ಬಾರದ ಅತ್ತೆ ಮೊಮ್ಮಗನ ಹತ್ತಿರ ಬಾಯಿ ಮುಚ್ಚಿಕೊಂಡರು. ಕಥೆ ಹೇಳಿ ಉಣ್ಣಿಸುತ್ತಿದ್ದವರು ಬರೀ ತುತ್ತು ಇಡತೊಡಗಿದರು. ಇದ್ದ ನಾಲ್ಕು ಮಾತೂ ಮಗುವಿಗೆ ಕಡಿಮೆಯಾಯಿತು. ಆ ಸಲಹೆಯಷ್ಟು ಹಾನಿಯನ್ನು ಬೇರೆ ಯಾವುದೂ ಮಾಡಲಿಲ್ಲ.

ಸಂಶೋಧನೆ ಹೇಳುವುದು ಇದಕ್ಕೆ ತದ್ವಿರುದ್ಧ. ಎರಡು ಭಾಷೆ ಕೇಳುವುದರಿಂದ ಭಾಷಾ ದೋಷ ಬರುವುದಿಲ್ಲ. ನಿಜವಾದ ದೋಷವಿದ್ದರೆ ಅದು ಎರಡು ಭಾಷೆಯಲ್ಲೂ ಕಾಣುತ್ತದೆ. ಆದ್ದರಿಂದ ಎರಡರಲ್ಲೂ ಪರೀಕ್ಷಿಸದೆ ತೀರ್ಮಾನಕ್ಕೆ ಬರಬಾರದು. ತೆಲುಗು ಮನೆಯ ಮಗು ‘ಅಕ್ಕ ಬಂತು’ ಎಂದರೆ ಗಾಬರಿ ಬೇಡ: ತೆಲುಗಿನ ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ, ಮಗು ಆ ನಿಯಮವನ್ನೇ ಕನ್ನಡಕ್ಕೆ ತಂದಿರುತ್ತದೆ. ಆದರೆ ‘ಅಂಗಡಿಗೆ’, ‘ಅಂಗಡಿಯಲ್ಲಿ’ ಎಂಬ ವ್ಯತ್ಯಾಸ ಐದು ವರ್ಷವಾದರೂ ಎರಡು ಭಾಷೆಯಲ್ಲೂ ಬಾರದಿದ್ದರೆ ವಾಕ್ ಚಿಕಿತ್ಸಕರ ಬಳಿ ಹೋಗಲೇಬೇಕು.

ಚಿಕಿತ್ಸೆಯಲ್ಲಿ ಔಷಧಿಯಿಲ್ಲ. ಮಗು ಆಡಿದ ತುಂಡು ಮಾತನ್ನು ಹಿರಿಯರು ಪೂರ್ಣ ವಾಕ್ಯವಾಗಿ ತಿರುಗಿ ಹೇಳುವುದು, ಉತ್ತರಕ್ಕೆ ಕಾಯುವುದು, ಮನೆಮಾತಿನಲ್ಲೇ ಕಥೆ ಹೇಳುವುದು ಮನೆಯಲ್ಲಿ ಆಗುವ ಕೆಲಸಗಳು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಭಾಷಾ ವಿಳಂಬವೂ ಇದೆ. ವೈದ್ಯರ ತಂಡ ಅಂಗನವಾಡಿಗೆ ಬಂದ ದಿನ, ತೂಕ ನೋಡಿಸಿದ ಹಾಗೆಯೇ, ಮಾತಿನ ಬಗ್ಗೆಯೂ ತಾಯಂದಿರು ಬಾಯಿಬಿಟ್ಟು ಕೇಳಬೇಕು.