ಕೆರೆಗೆ ಬಂದ ನೀರು, ಕೊತ್ತಂಬರಿ ಮಡಿ

2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿದು ಬಂತು. ಬತ್ತಿದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡವರಿಗೆ ಅದರ ಬೆಲೆ ಹೇಳಿಕೊಡಬೇಕಿಲ್ಲ. ನೀರು ಬೇಡವೆಂದು ನಾನು ಹೇಳುತ್ತಿಲ್ಲ. ಸಂಸ್ಕರಣೆ ಏನನ್ನು ತೆಗೆಯುತ್ತದೆ, ಏನನ್ನು ಉಳಿಸಿ ಕಳಿಸುತ್ತದೆ ಎಂಬುದು ಮಾತ್ರ ರೈತರಿಗೆ ಗೊತ್ತಿರಬೇಕು.

ಘಟಕದ ತೊಟ್ಟಿಯಲ್ಲಿ ಕೊಳಚೆಗೆ ಗಾಳಿ ಊದುತ್ತಾರೆ. ಬ್ಯಾಕ್ಟೀರಿಯಾಗಳು ಹೊಲಸನ್ನು ತಿಂದು ಬೆಳೆದು ಕೆಸರಾಗಿ ತಳ ಸೇರುತ್ತವೆ, ಮೇಲಿನ ತಿಳಿನೀರು ಹೊರಬೀಳುತ್ತದೆ. ಕೊಳೆ, ವಾಸನೆ ಇಳಿಯುತ್ತದೆ. ಆದರೆ ಮನೆ, ಆಸ್ಪತ್ರೆಗಳಿಂದ ಬಂದ, ಆ್ಯಂಟಿಬಯೋಟಿಕ್‌ಗೆ ಜಗ್ಗದ ರೋಗಾಣುಗಳು ಕಡಿಮೆಯಾದರೂ ಪೂರ್ತಿ ಸಾಯುವುದಿಲ್ಲ. ಮೇಲಾಗಿ, ಆ ತೊಟ್ಟಿಯಲ್ಲಿ ಒತ್ತೊತ್ತಾಗಿರುವ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದ ಗುಣವನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಒಂದಕ್ಕೊಂದು ದಾಟಿಸಬಲ್ಲವು. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ: ಕೊಟ್ಟವರಲ್ಲೂ ಮೊಸರು ಉಳಿಯುತ್ತದೆ, ಪಡೆದವರಲ್ಲೂ ಆಗುತ್ತದೆ.

ಕೆರೆಗೆ ನೀರು ಹರಿಸುವ ಈ ಯೋಜನೆ ಅಂತರ್ಜಲ ತುಂಬಿಸಲೆಂದು ಬಂದದ್ದು. ನೀರು ಮಣ್ಣಿನೊಳಗೆ ಇಳಿಯುವಾಗ ಒಂದಷ್ಟು ಸೋಸಿಕೊಳ್ಳುತ್ತದೆ. ಕೆರೆಗೇ ಮೋಟಾರಿಟ್ಟು ಎತ್ತಿದರೆ ಆ ಸೋಸುವಿಕೆ ತಪ್ಪಿಹೋಗುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು ರೂಢಿ. ಸಂಜೆ ಕಿತ್ತ ಕೊತ್ತಂಬರಿ ಕಟ್ಟನ್ನು ಬೇರಿನ ಮಣ್ಣು ಹೋಗಲೆಂದು ಕೆರೆಯಲ್ಲಿ ಅದ್ದಿ ಜಾಡಿಸುತ್ತಾರೆ. ಎಲೆಗಳ ಸಂದಿಯಲ್ಲಿ ನಿಂತ ಹನಿ ಗೋಣಿತಾಟಿನೊಳಗೆ ಆರುವುದೇ ಇಲ್ಲ. ಮರುದಿನ ಆ ಸೊಪ್ಪು ಬೇಯದೆಯೇ ಕೋಸಂಬರಿಗೆ ಬೀಳುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟನ್ನು ಕುಡಿಯುವ ನೀರಿನಲ್ಲೇ ತೊಳೆಯಿರಿ. ಸಂಸ್ಕರಿಸಿದ ನೀರು ಹಿಪ್ಪುನೇರಳೆಗೆ, ಮರಗಳಿಗೆ ಸಾಕು. ಟೊಮೆಟೊಗೆ ಹನಿ ನೀರಾವರಿಯಲ್ಲಿ ಬುಡಕ್ಕಷ್ಟೇ ಬೀಳಲಿ, ತುಂತುರು ಬೇಡ.

ತಪ್ಪೆಲ್ಲ ಬೆಂಗಳೂರಿನದಲ್ಲ. ಸೀಮೆಹಸುವಿಗೆ ಕೆಚ್ಚಲು ಬಾವು ಬಂದಾಗ ಆ್ಯಂಟಿಬಯೋಟಿಕ್‌ನ ಎರಡು ಸೂಜಿ ಹಾಕಿಸಿ, ಬಾವು ಇಳಿದೊಡನೆ ಚಿಕಿತ್ಸೆ ನಿಲ್ಲಿಸುತ್ತೇವೆ. ಡೇರಿಗೆ ಹಾಕಲಾಗದ ಆ ಹಾಲನ್ನು ಕರುವಿಗೆ ಕುಡಿಸುತ್ತೇವೆ. ಅದರಲ್ಲಿ ಉಳಿದ ಚೂರುಪಾರು ಔಷಧಿ ಕರುವಿನ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ಔಷಧಿಗೆ ಜಗ್ಗದಂತೆ ಪಳಗಿಸುತ್ತದೆ, ಅವು ಸಗಣಿಯ ಜೊತೆ ತಿಪ್ಪೆಗೆ ಬರುತ್ತವೆ. ಪಶುವೈದ್ಯರು ಹೇಳಿದಷ್ಟು ದಿನ ಚಿಕಿತ್ಸೆ ಮುಗಿಸಿ, ಆ ಹಾಲನ್ನು ಕರುವಿಗೆ ಕೊಡಬೇಡಿ. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಹಾಗಿದ್ದರೂ ಕೋಳಿಗೊಬ್ಬರವನ್ನು ಹಸಿಯಾಗಿ ಹೊಲಕ್ಕೆ ಚೆಲ್ಲಬೇಡಿ.

ತಿಪ್ಪೆಯನ್ನು ಆಗಾಗ ಮಗುಚಿ, ತೇವ ಆರದಂತೆ ನೋಡಿಕೊಂಡರೆ ಒಳಗೆ 55 ಡಿಗ್ರಿ ದಾಟಿ ಬಿಸಿಯೇರುತ್ತದೆ. ಬಹುಪಾಲು ರೋಗಾಣುಗಳು ಆ ಕಾವಿಗೆ ಸಾಯುತ್ತವೆ. ಪರೀಕ್ಷಿಸಲು ಒಂದು ಕಬ್ಬಿಣದ ಸರಳು ಸಾಕು. ಗುಡ್ಡೆಯ ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆಯಿರಿ. ತುದಿಯನ್ನು ಹಿಡಿದುಕೊಳ್ಳಲು ಆಗದಷ್ಟು ಸುಡುತ್ತಿದ್ದರೆ ಒಳಗೆ ಕಾವು ಹಿಡಿದಿದೆ. ಬೆಚ್ಚಗಷ್ಟೇ ಇದ್ದರೆ ಇನ್ನೊಮ್ಮೆ ಮಗುಚಿ.