ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಮಾಮಾ ಏನು ಕೊಡಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಪಾಸಾಗಿದ್ದಾಳೆ. ನಾನು ಎಂದೋ ಚಾಷ್ಟಿಗೆ ಆಡಿದ ಮಾತು ಹಿಡಿದುಕೊಂಡು ‘ಸ್ಕೂಟಿ ಕೊಡಸ್ತೀನಿ ಅಂದಿದ್ದೆಲ್ಲಾ ಮಾಮಾ’ ಎನ್ನುತ್ತಿದ್ದಾಳೆ. ಬಂಗಾರ ಕೊಟ್ಟರೆ ಉಳಿಯುತ್ತದೆ ಎಂಬುದು ನನ್ನ ಹೆಂಡತಿಯ ಮಾತು. ತಮ್ಮನ ಮಗನೂ ಪಾಸಾಗಿದ್ದಾನೆ, ಆದರೆ ಎರಡನೇ ಪರೀಕ್ಷೆಯಲ್ಲಿ. ಒಬ್ಬೊಬ್ಬರಿಗೆ 3,000 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಏನು ಕೊಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಸ್ಕೂಟಿಯ ಮಾತು ಮುಗಿಸಿಬಿಡೋಣ. ಹತ್ತನೇ ತರಗತಿ ದಾಟಿದ ಹುಡುಗಿಗೆ 15 ಅಥವಾ 16 ವರ್ಷ. 16 ತುಂಬಿದವರಿಗೆ, ಅದೂ ಪಾಲಕರ ಒಪ್ಪಿಗೆಯಿದ್ದರೆ, ಕಾನೂನು ಬಿಡುವುದು ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಯನ್ನು ಮಾತ್ರ. ಶೋರೂಮಿನಲ್ಲಿ ಸಾಲಾಗಿ ನಿಂತಿರುವುದು ಹೆಚ್ಚಾಗಿ 110, 125 ಸಿಸಿಯವು. ಅವಕ್ಕೆ 18 ತುಂಬಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಮು ಸೇರಿತು. ಅದರ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೋ ಗಾಡಿಯ ಮಾಲೀಕರಿಗೋ 3 ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಓಡಿಸಿದ ಮಗುವಿಗೆ 25 ತುಂಬುವತನಕ ಲೈಸೆನ್ಸ್ ಸಿಗುವುದಿಲ್ಲ. ಇದನ್ನು ನಿಮ್ಮ ಸೊಸೆಗೆ ಎದುರು ಕೂಡಿಸಿಕೊಂಡು ಹೇಳಿ. ‘ನಿಮ್ಮವ್ವ ಬ್ಯಾಡ ಅಂತಾಳ’ ಎಂದು ತಂಗಿಯ ತಲೆಗೆ ಕಟ್ಟಬೇಡಿ.

ಸ್ಕೂಟಿ ಕೇಳುವ ಹುಡುಗಿ ನಿಜವಾಗಿ ಕೇಳುತ್ತಿರುವುದು ಯಾರ ಹಂಗಿಲ್ಲದೆ ಓಡಾಡುವುದನ್ನು. ಅದನ್ನು ನೀವು ಕೊಡಬಹುದು. ಪಿಯುಸಿಗೆ ಅವಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಾಡುವವಳಾದರೆ ಸಾದಾ ಬಸ್ಸಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯ ದೆಸೆಯಿಂದ ಟಿಕೆಟ್ಟಿನ ಚಿಂತೆಯಿಲ್ಲ. ಎಸಿ ಬಸ್ಸುಗಳು ಆ ಯೋಜನೆಗೆ ಸೇರಿಲ್ಲವಾದ್ದರಿಂದ ಚಿಗರಿ ಬಸ್ಸಿಗೆ ದುಡ್ಡು ಬೇಕು. ಎರಡೂ ಊರುಗಳ ನಡುವಿನ ಆ 22 ಕಿ.ಮೀ. ಹಾದಿಯನ್ನು ಬೆಳಗಿನ ಗದ್ದಲದಲ್ಲಿ ತನ್ನದೇ ಪಥದಲ್ಲಿ ದಾಟುವ ಬಸ್ಸು ಅದು. ಮೊದಲ ಕೆಲವು ತಿಂಗಳ ಚಿಗರಿ ಖರ್ಚು ಮಾಮಾನದು ಎಂದರೆ ಕಾಲೇಜಿನ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುವ ಕೊಡುಗೆ ಆಯಿತು.

ಇನ್ನು ಬಂಗಾರ. ನಮ್ಮ ಕಡೆ ಮದುವೆ, ಮನೆಶಾಂತಿಗಳಲ್ಲಿ ಮಾಡುವ ಆಯೇರಿ ಮನೆಯಿಂದ ಮನೆಗೆ ಹೋಗುವಂಥದ್ದು. ಯಾರು ಏನು ಮಾಡಿದರು ಎಂದು ವಹಿಯಲ್ಲಿ ಬರೆದಿಟ್ಟು ಅವರ ಮನೆಯ ಕಾರ್ಯದಲ್ಲಿ ಮುಯ್ಯಿ ತೀರಿಸುತ್ತೇವೆ. ಆ ಪದ್ಧತಿಗೆ ಅದರದೇ ಮರ್ಯಾದೆಯಿದೆ. ಆದರೆ ಪರೀಕ್ಷೆ ಪಾಸಾದ ಮಗುವಿಗೆ ಕೊಡುವುದು ಮುಯ್ಯಿಯ ಲೆಕ್ಕಕ್ಕೆ ಬರಬಾರದು. 3,000ಕ್ಕೆ ಬರುವ ಬಂಗಾರ ಗುಂಜಿಯ ಲೆಕ್ಕದ್ದು. ಅದೂ ಅವ್ವನ ತಿಜೋರಿಗೆ ಹೋಗಿ, ಮದುವೆಗೆ ಇರಲಿ ಎಂದು ಕೂತುಬಿಡುತ್ತದೆ. ಕಾಲೇಜಿಗೆ ಹೊರಟವಳಿಗೆ ಮದುವೆಯ ನೆನಪು ಮಾಡಿಕೊಡುವ ಕೊಡುಗೆ ಯಾಕೆ? ಲೈನ್ ಬಜಾರಿನ ಪೇಢೆಯ ಡಬ್ಬಿಯನ್ನು ಮನೆಮಂದಿಗೆಲ್ಲ ಒಯ್ಯಿರಿ. ಕೊಡುಗೆ ಮಾತ್ರ ಅವಳ ಕೈಯಲ್ಲಿಯೇ ಉಳಿಯುವಂತಿರಲಿ, ಅದನ್ನು ಏನು ಮಾಡಬೇಕೆಂಬ ತೀರ್ಮಾನವೂ ಅವಳದೇ ಇರಲಿ.

ಪುಸ್ತಕ ಕೊಡುವುದಾದರೂ ಇದೇ ಮಾತು. ನೀಟ್, ಜೆಇಇ ಗೈಡುಗಳನ್ನು ಬಣ್ಣದ ಹಾಳೆಯಲ್ಲಿ ಸುತ್ತಿ ಕೊಟ್ಟರೆ ಅದು ಉಡುಗೊರೆಯ ವೇಷದ ಹುಕುಂ. ಅವಳು ಆರ್ಟ್ಸ್ ತಗೊಳ್ಳಬೇಕೆಂದಿದ್ದರೆ ಬಾಯಿ ಬಿಡುವುದೂ ಕಷ್ಟವಾಗುತ್ತದೆ. ಬದಲಿಗೆ ಒಂದು ದಿನ ಅವಳನ್ನು ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಕರೆದುಕೊಂಡು ಹೋಗಿ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಪ್ರಕಾಶನವದು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರು ಬರೆದ ‘ಯಯಾತಿ’ಯನ್ನು 1961ರಲ್ಲಿ ಪುಸ್ತಕವಾಗಿಸಿದ್ದು ಇದೇ ಗ್ರಂಥಮಾಲೆ. ನಿಮ್ಮ ಸೊಸೆಗಿಂತ ಆರೇಳು ವರ್ಷ ದೊಡ್ಡ ಹುಡುಗನ ಬರವಣಿಗೆಯನ್ನು ಈ ಊರು ನಂಬಿತ್ತು ಎಂಬುದು ಅವಳಿಗೂ ತಿಳಿಯಲಿ. 500 ರೂಪಾಯಿ ಅವಳ ಕೈಗೆ ಕೊಟ್ಟು ನೀವು ಹೊರಗೆ ಚಹಾ ಕುಡಿಯಿರಿ. ಅವಳು ಆರಿಸಿದ್ದು ನಿಮಗೆ ಹಿಡಿಸದಿದ್ದರೂ ನಡೆಯುತ್ತದೆ.

ಕೈಕೆಲಸದ ಹುಚ್ಚಿದ್ದವಳಾದರೆ ಕಸೂತಿ ನಿಮ್ಮ ಸೀಮೆಯದೇ ವಿದ್ಯೆ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಹಾಕಬೇಕು, ದಾರಕ್ಕೆ ಗಂಟು ಬೀಳಬಾರದು. ಬಟ್ಟೆ, ದಾರಗಳ ಜೊತೆಗೆ ಕಲಿಸುವವರ ಫೀ ಕೂಡ ನಿಮ್ಮದಿರಲಿ. ಹಾಡುವವಳಾದರೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಊರುಗಳಲ್ಲಿ ಗುರುಗಳಿಗೇನು ಬರ? ಎರಡು ಮೂರು ತಿಂಗಳ ಪಾಠದ ಫೀ ಕಟ್ಟಿಬಿಡಿ. ಆದರೆ ಅವಳು ತಾನಾಗಿ ಬಯಸಿದ್ದರೆ ಮಾತ್ರ.

ಮೊಬೈಲ್ ಕೊಡುವ ಮುನ್ನ ತಂಗಿಯನ್ನು ಕೇಳಿ. ಕೊಡುವವರು ನೀವು, ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವವರು ಅವರು. ರಾತ್ರಿ ಹನ್ನೊಂದಕ್ಕೆ ‘ಇಡವಾ ಅದನ್ನ’ ಎಂದು ಒದರುವವರೂ ಅವರೇ. ಏನೂ ತೋಚದಿದ್ದರೆ ನಗದು ಕೊಡುವುದರಲ್ಲಿ ತಪ್ಪೇನಿಲ್ಲ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಜೊತೆಗೆ ಹೋಗಿ ಖಾತೆ ತೆರೆಸಿ, 2,001 ಹಾಕಿಸಿ. ಪಾಸ್‌ಬುಕ್ಕು ಅವಳ ಹತ್ತಿರ ಇರಲಿ. ಎಲ್ಲಿ ಖರ್ಚು ಮಾಡಿದಿ ಎಂದು ಕೇಳಲು ಹೋಗಬೇಡಿ.

ಈಗ ತಮ್ಮನ ಮಗ. ಪರೀಕ್ಷೆ-1, 2, 3 ಎಂಬ ಪದ್ಧತಿ ಬಂದದ್ದು 2024ರಲ್ಲಿ, ಒಮ್ಮೆ ಎಡವಿದ ಮಗು ಅದೇ ವರ್ಷ ಮತ್ತೆ ಬರೆದು ಮುಂದಿನ ತರಗತಿಗೆ ಸೇರಲಿ ಎಂದು. ಫಲಿತಾಂಶದ ದಿನ ಓಣಿಯ ಮಂದಿಯ ಮಾತು ಕೇಳಿಸಿಕೊಂಡು, ಕೆಲವೇ ವಾರಗಳಲ್ಲಿ ಅದೇ ಪುಸ್ತಕ ಬಿಡಿಸಿ ಮತ್ತೆ ಓದಲು ಕೂತ ಹುಡುಗ ಅವನು. ಅವನಿಗೂ 3,000ದ ಕೊಡುಗೆಯೇ ಸಲ್ಲಬೇಕು, ಒಂದು ರೂಪಾಯಿಯೂ ಕಡಿಮೆಯಾಗಬಾರದು. 625ರಲ್ಲಿ ಎಷ್ಟು ಎಂಬುದನ್ನು ಬೋರ್ಡು ಆಗಲೇ ಅಂಕಪಟ್ಟಿಯಲ್ಲಿ ಬರೆದು ಕೊಟ್ಟಿದೆ. ಮಾಮಾನೋ ದೊಡ್ಡಪ್ಪನೋ ಅದನ್ನು ರೂಪಾಯಿಗೆ ತಿರುಗಿಸಿ ಇನ್ನೊಮ್ಮೆ ಓದಿ ಹೇಳಬೇಕಾಗಿಲ್ಲ. ವಸ್ತು ಬೇರೆಬೇರೆಯಾಗಲಿ: ಅವಳಿಗೆ ಚಿಗರಿಯ ಖರ್ಚು ಮತ್ತು ಪುಸ್ತಕ, ಅವನಿಗೆ ಒಳ್ಳೆಯ ಕ್ರಿಕೆಟ್ ಬ್ಯಾಟೋ ಬೂಟೋ. ಅವನದನ್ನು ಅವನನ್ನೇ ಕೇಳಿ ತಿಳಿದುಕೊಳ್ಳಿ. ಕೊಡುವಾಗ ‘ಮುಂದಿನ ಸಲ ಇನ್ನೂ ಛಲೋ ಮಾರ್ಕ್ಸ್ ತಗೀಬೇಕು’ ಎಂಬ ಬಾಲ ಮಾತ್ರ ಇಬ್ಬರಿಗೂ ಜೋಡಿಸಬೇಡಿ.